ಕಾಲುವೆ ಯಾರದಾದರೇನು, ಗೇಟಿನ ಚಾವಿ ಯಾರ ಕೈಯಲ್ಲಿದೆ?

ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ ಮತ್ತು ವಿಜಯಪುರ ಲೋಕಸಭಾ ಕ್ಷೇತ್ರಗಳ ಮಾನ್ಯ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ವಿದೇಶಾಂಗ ನೀತಿ ಎಂದರೆ ದಿಲ್ಲಿಯವರ ಕೆಲಸ, ಕಬ್ಬು–ದ್ರಾಕ್ಷಿ ಬೆಳೆಯುವ ನಮಗೂ ಅದಕ್ಕೂ ಏನು ಸಂಬಂಧ ಎಂಬ ಭಾವನೆ ನಮ್ಮ ಭಾಗದಲ್ಲಿ ಬೇರೂರಿದೆ. ತಪ್ಪು ನಿಮ್ಮದಷ್ಟೇ ಅಲ್ಲ. ಮತ ಕೇಳಲು ಬಂದವರನ್ನು ರಸ್ತೆ, ನೀರು, ರೈಲು ಕೇಳಿದೆವೇ ಹೊರತು ಇದನ್ನು ನಾವೂ ಕೇಳಲಿಲ್ಲ. ಆದರೆ ಮುಧೋಳದ ಕಬ್ಬಿನ ಹೊಲಕ್ಕೆ ಬರುವ ಪೊಟ್ಯಾಷ್ ಚೀಲ, ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಿಂದ ಹೊರಡುವ ಎರಕದ ಭಾಗ, ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ತಯಾರಾಗುವ ವಿಮಾನದ ಬಿಡಿಭಾಗ, ನಮ್ಮ ಕಾರ್ಖಾನೆಗಳ ಸಕ್ಕರೆ ಈ ನಾಲ್ಕರ ದರವನ್ನೋ ದಾರಿಯನ್ನೋ ವಾಷಿಂಗ್ಟನ್ನಿನ ಮೂರ್ನಾಲ್ಕು ಕಚೇರಿಗಳು ತಿರುವಿ ಹಾಕಬಲ್ಲವು. ಹೇಗೆಂಬುದನ್ನು ಬಿಡಿಸಿ ಹೇಳಿ, ನಿಮ್ಮಿಂದ ಆಗಬೇಕಾದ ಕೆಲಸ ಕೇಳುವುದಕ್ಕೆ ಈ ಪತ್ರ.

ಮಹಾಶಕ್ತಿಯ ಯಜಮಾನಿಕೆ ಎಂದಕೂಡಲೇ ಜನರಿಗೆ ನೆನಪಾಗುವುದು ಯುದ್ಧನೌಕೆ. ಅದೂ ಸುಳ್ಳಲ್ಲ. ಅಮೆರಿಕದ ಬಳಿ 11 ವಿಮಾನವಾಹಕ ನೌಕೆಗಳಿವೆ. ನೇಟೊದಲ್ಲಿ ಅದರ ಜೊತೆ ಇನ್ನೂ 31 ದೇಶಗಳಿವೆ. ಜಪಾನ್, ದಕ್ಷಿಣ ಕೊರಿಯಾ, ಫಿಲಿಪೀನ್ಸ್‌ ಜೊತೆ ಪ್ರತ್ಯೇಕ ರಕ್ಷಣಾ ಒಪ್ಪಂದಗಳಿವೆ. ನಮ್ಮ ಹಿಂದೂ ಮಹಾಸಾಗರದ ನಡುವೆಯೇ ಡಿಯೆಗೊ ಗಾರ್ಸಿಯಾ ನೆಲೆಯಿದೆ. 1971ರ ಡಿಸೆಂಬರಿನಲ್ಲಿ ಎಂಟರ್‌ಪ್ರೈಸ್ ನೌಕೆ ಬಂಗಾಳ ಕೊಲ್ಲಿಗೆ ಬಂದದ್ದು ಹಿರಿಯರಿಗೆ ನೆನಪಿದ್ದೀತು. 2021ರ ಏಪ್ರಿಲ್ 7ರಂದು ಲಕ್ಷದ್ವೀಪದ ಬಳಿ, ನಮ್ಮ ವಿಶೇಷ ಆರ್ಥಿಕ ವಲಯದ ಸಮುದ್ರದಲ್ಲಿ, ಅಮೆರಿಕದ ನೌಕೆಯೊಂದು ಅನುಮತಿ ಕೇಳದೆ ಹಾದುಹೋಗಿ, ಹಾಗೆ ಹೋದದ್ದನ್ನು ತಾನೇ ಬಹಿರಂಗವಾಗಿ ಸಾರಿತು. ಯಾವ ಸಾಗರ ಕಾನೂನಿನ ಹೆಸರು ಹೇಳಿ ಅದನ್ನು ಮಾಡಿತೋ ಆ 1982ರ ಒಪ್ಪಂದವನ್ನು ಅಮೆರಿಕ ಇಂದಿಗೂ ಅನುಮೋದಿಸಿಲ್ಲ. ಆದರೆ ನೌಕೆ ಓಡಿಸುವುದು ದುಬಾರಿ. ದಿನನಿತ್ಯದ ಯಜಮಾನಿಕೆ ನಡೆಯುವುದು ಅದರಿಂದಲ್ಲ.

ಅದು ನಡೆಯುವ ರೀತಿ ಕೃಷ್ಣಾ ಮೇಲ್ದಂಡೆ ಕಾಲುವೆಯ ಕೊನೆಯ ರೈತನಿಗೆ ಚೆನ್ನಾಗಿ ಗೊತ್ತು. ನೀರು ಆಲಮಟ್ಟಿಯಲ್ಲಿ ತುಂಬಿರುತ್ತದೆ, ಕಾಲುವೆ ಹೊಲದ ಬದಿಯಲ್ಲೇ ಇರುತ್ತದೆ, ಕಾಗದದ ಮೇಲೆ ಹಕ್ಕೂ ಇರುತ್ತದೆ. ಮೇಲೆ ಗೇಟಿನ ಚಾವಿ ಹಿಡಿದವನು ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ತೆರೆಯುವುದೂ ಇಲ್ಲ. ವಾರಬಂದಿಯಲ್ಲಿ ತನ್ನ ಪಾಳಿ ಈ ಸಲ ಬಂದೀತೋ ಇಲ್ಲವೋ ಎಂಬ ಗುಮಾನಿಯಲ್ಲಿ ಕೆಳಗಿನವನು ಗೇಟಿನವನ ಮುಖ ನೋಡುತ್ತಲೇ ಇರಬೇಕು. ಜಗತ್ತಿನ ವ್ಯಾಪಾರದಲ್ಲಿ ಇಂಥ ಗೇಟುಗಳು ಏಳೆಂಟಿವೆ.

ಮೊದಲನೆಯದು ಡಾಲರ್. 1944ರ ಜುಲೈನಲ್ಲಿ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಕೂಡಿ, ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಎಂಬ ಲೆಕ್ಕದ ಮೇಲೆ ವ್ಯವಸ್ಥೆ ಕಟ್ಟಿದವು. 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರಿಗೆ ಇನ್ನು ಚಿನ್ನ ಕೊಡುವುದಿಲ್ಲ ಎಂದರು. ಚಿನ್ನ ಹೋಯಿತು, ಡಾಲರ್ ಉಳಿಯಿತು. ಸಾಹುಕಾರ ಒತ್ತೆ ವಾಪಸ್ ಕೊಡುವುದಿಲ್ಲವೆಂದ ಮೇಲೂ ಪೇಟೆಯಲ್ಲಿ ಅವನ ಚೀಟಿಯೇ ಓಡಿದ ಹಾಗೆ. ಓಡಿದ್ದಕ್ಕೆ ಕಾರಣವೂ ಇತ್ತು: ಕೊಲ್ಲಿ ದೇಶಗಳ ತೈಲ ಡಾಲರಿನಲ್ಲಿ ಮಾರಾಟವಾಗುತ್ತಿತ್ತು, ತೈಲದ ಹಣ ಮರಳಿ ಅಮೆರಿಕದ ಸಾಲಪತ್ರಗಳಿಗೇ ಬರುತ್ತಿತ್ತು, ಅಷ್ಟು ದೊಡ್ಡ ಮೊತ್ತವನ್ನು ಯಾವಾಗ ಬೇಕಾದರೂ ಕೊಳ್ಳಲು–ಮಾರಲು ಆಗುವ ಪೇಟೆ ಬೇರೆಲ್ಲೂ ಇರಲಿಲ್ಲ. 2022ರ ಲೆಕ್ಕದಲ್ಲೂ ಜಗತ್ತಿನ ವಿದೇಶಿ ವಿನಿಮಯ ವಹಿವಾಟಿನ ಶೇ 88ರಲ್ಲಿ ಒಂದು ಬದಿಗೆ ಡಾಲರೇ ಇತ್ತು.

ಇದು ಅಸ್ತ್ರವಾಗುವ ಬಗೆ ಹೀಗೆ. ಇಲ್ಲಿಯ ರಫ್ತುದಾರನೊಬ್ಬ ದುಬೈನ ಗಿರಾಕಿಗೆ ಡಾಲರಿನಲ್ಲಿ ಬಿಲ್ ಮಾಡಿದನೆನ್ನಿ. ಸರಕು ಅಮೆರಿಕಕ್ಕೆ ಹೋಗುವುದಿಲ್ಲ, ಇಬ್ಬರೂ ಅಮೆರಿಕದವರಲ್ಲ. ಆದರೆ ದುಬೈ ಬ್ಯಾಂಕಿನ ಡಾಲರೂ ನಮ್ಮ ಬ್ಯಾಂಕಿನ ಡಾಲರೂ ಕೊನೆಗೆ ಜಮೆಯಾಗುವುದು ನ್ಯೂಯಾರ್ಕಿನ ಯಾವುದೋ ಬ್ಯಾಂಕಿನ ಖಾತೆಗಳಲ್ಲಿ. ಬೆಲ್ಜಿಯಮ್ಮಿನ ಸ್ವಿಫ್ಟ್ ಒಯ್ಯುವುದು ಸಂದೇಶವನ್ನು ಮಾತ್ರ. ಹಣ ಖಾತೆಯಿಂದ ಖಾತೆಗೆ ಹೋಗುವುದು ನ್ಯೂಯಾರ್ಕಿನಲ್ಲಿ. ಆ ಒಂದು ಕ್ಷಣದ ಮಟ್ಟಿಗೆ ವ್ಯವಹಾರ ಅಮೆರಿಕದ ಕಾನೂನಿನೊಳಗೆ ಬಂತು. ಅಲ್ಲಿಯ ಹಣಕಾಸು ಇಲಾಖೆಯ ಒಎಫ್‌ಎಸಿ ಎಂಬ ಕಚೇರಿ ನಿರ್ಬಂಧಿತರ ಪಟ್ಟಿ ಇಟ್ಟುಕೊಂಡಿದೆ. ಪಟ್ಟಿಯಲ್ಲಿದ್ದವರ ಹೆಸರು ತಾಳೆಯಾದರೆ ಹಣಕ್ಕೆ ಅಲ್ಲೇ ತಡೆ. ನಮ್ಮ ರಫ್ತುದಾರರು ಎಡವುವುದು ಇದರ ಮುಂದಿನ ನಿಯಮದಲ್ಲಿ: ಪಟ್ಟಿಯಲ್ಲಿರುವವರು ಶೇ 50 ಅಥವಾ ಹೆಚ್ಚು ಪಾಲು ಹೊಂದಿದ ಕಂಪನಿ ತಾನು ಪಟ್ಟಿಯಲ್ಲಿ ಇಲ್ಲದಿದ್ದರೂ ನಿರ್ಬಂಧಿತವೇ. ಗಿರಾಕಿಯ ಹೆಸರನ್ನು ಗೂಗಲಿನಲ್ಲಿ ಹುಡುಕಿದರೆ ಸಾಲದು, ಅವನ ಹಿಂದಿನ ಪಾಲುದಾರರನ್ನೂ ನೋಡಬೇಕು. ಹಾಗೆ ನೋಡಲು ಬೇಕಾದ ಖರ್ಚು ದೊಡ್ಡ ಕಂಪನಿಗೆ ಲೆಕ್ಕಕ್ಕಿಲ್ಲ; ಮೂವತ್ತು ಕೆಲಸಗಾರರ ಘಟಕಕ್ಕೆ ಭಾರ.

ಇದು ಬರೀ ಬೆದರಿಕೆಯಲ್ಲ ಎಂಬುದನ್ನು ಬ್ಯಾಂಕುಗಳು 2014ರಲ್ಲಿ ಕಲಿತವು. ಸುಡಾನ್, ಇರಾನ್, ಕ್ಯೂಬಾಗಳ ಹಣ ಸಾಗಿಸಿದ್ದಕ್ಕೆ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು ಸುಮಾರು 890 ಕೋಟಿ ಡಾಲರ್ ದಂಡ ಕಟ್ಟಿತು. ಫ್ರಾನ್ಸಿನ ಕಾನೂನನ್ನು ಅದು ಮುರಿದಿದೆಯೇ ಎಂಬ ಪ್ರಶ್ನೆಯೇ ಅಲ್ಲಿ ಬರಲಿಲ್ಲ. ಅಂದಿನಿಂದ ಜಗತ್ತಿನ ಬ್ಯಾಂಕುಗಳು ಕಾನೂನು ಹೇಳಿದ್ದಕ್ಕಿಂತ ಎರಡು ಹೆಜ್ಜೆ ಹಿಂದೆಯೇ ನಿಲ್ಲುತ್ತವೆ. ಗೇಟಿನವನು ಕೈ ಎತ್ತುವ ಮೊದಲೇ ನೀರು ನಿಲ್ಲುತ್ತದೆ.

ಭಾರತ ಈ ಗೇಟನ್ನು ತಪ್ಪಿಸಿ ಸುತ್ತುಬಳಸಿ ಹೋಗಲು ನೋಡಲಿಲ್ಲವೆಂದಲ್ಲ. 2012ರಲ್ಲಿ ಇರಾನಿನ ಬ್ಯಾಂಕುಗಳನ್ನು ಸ್ವಿಫ್ಟಿನಿಂದ ಹೊರಗಿಟ್ಟಾಗ, ಇರಾನ್ ತೈಲದ ಹಣದಲ್ಲಿ ಶೇ 45ರಷ್ಟನ್ನು ಕೋಲ್ಕತ್ತದ ಯುಕೊ ಬ್ಯಾಂಕಿನಲ್ಲಿ ರೂಪಾಯಿಯಾಗಿ ಜಮೆ ಮಾಡುವ ಏರ್ಪಾಡಾಯಿತು. ಆ ರೂಪಾಯಿಯಲ್ಲಿ ಇರಾನ್ ನಮ್ಮ ಬಾಸ್ಮತಿ, ಚಹಾ, ಔಷಧ ಕೊಂಡಿತು. ಅಮೆರಿಕದೊಂದಿಗೆ ದೊಡ್ಡ ವ್ಯವಹಾರವಿಲ್ಲದ ಬ್ಯಾಂಕನ್ನು ಆರಿಸಿದ್ದರಿಂದ ಹೆದರಿಸಲು ಹಿಡಿತ ಸಿಗಲಿಲ್ಲ, ಜಾಣತನದ ಕೆಲಸ. ಆದರೆ ಖಾತೆ ತುಂಬುತ್ತಿದ್ದುದು ತೈಲ ಕೊಳ್ಳುತ್ತಿದ್ದುದರಿಂದ. 2019ರ ಮೇ ತಿಂಗಳಲ್ಲಿ ಅಮೆರಿಕ ತೈಲದ ವಿನಾಯಿತಿ ನಿಲ್ಲಿಸಿತು, ನಾವು ಇರಾನ್ ತೈಲ ಬಿಟ್ಟೆವು, ಖಾತೆ ಬರಿದಾಗುತ್ತಾ ಬಂತು, ಅದರೊಂದಿಗೆ ಅಕ್ಕಿ–ಚಹಾದ ವ್ಯಾಪಾರವೂ ಬತ್ತಿತು. ರಷ್ಯಾದ ವಿಷಯದಲ್ಲಿ ಆದದ್ದು ಇದರ ತಿರುವುಮುರುವು. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ರೂಪಾಯಿ ವೋಸ್ಟ್ರೊ ಖಾತೆಗೆ, ಅಂದರೆ ವಿದೇಶಿ ಬ್ಯಾಂಕು ಇಲ್ಲಿಯ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆಗೆ, ದಾರಿ ಮಾಡಿತು. ಅವರಿಂದ ನಾವು ಕೊಳ್ಳುವುದು ಬೆಟ್ಟದಷ್ಟು, ಅವರು ನಮ್ಮಿಂದ ಕೊಳ್ಳುವುದು ಬೊಗಸೆಯಷ್ಟು. ರೂಪಾಯಿ ರಾಶಿ ಬಿದ್ದಿದೆ, ಬಳಸಲಾಗುತ್ತಿಲ್ಲ ಎಂದು 2023ರಲ್ಲಿ ಅವರ ವಿದೇಶಾಂಗ ಸಚಿವರೇ ದೂರಿದರು. ಸ್ವಂತ ನಾಣ್ಯದಲ್ಲಿ ವ್ಯಾಪಾರ ಎಂಬ ಘೋಷಣೆ ಕೂಗುವುದು ಸುಲಭ. ಎದುರಿನವನು ಆ ನಾಣ್ಯದಿಂದ ಕೊಳ್ಳಬಯಸುವ ಸರಕು ನಮ್ಮಲ್ಲಿ ಸಾಕಷ್ಟು ಇರದಿದ್ದರೆ ಅದು ನಡೆಯದು.

ಎರಡನೆಯ ಗೇಟು ಯಾರ ಕಣ್ಣಿಗೂ ಬೀಳುವುದಿಲ್ಲ: ಹಡಗಿನ ವಿಮೆ. ಜಗತ್ತಿನ ಸಾಗರ ಹಡಗುಗಳ ಒಟ್ಟು ಟನ್ನೇಜಿನಲ್ಲಿ ಸುಮಾರು ಶೇ 90ಕ್ಕೆ ಹೊಣೆಗಾರಿಕೆ ವಿಮೆ ಕೊಡುವುದು ಹನ್ನೆರಡು ಕ್ಲಬ್ಬುಗಳ ಒಂದು ಗುಂಪು. ಬಹುಪಾಲು ಬ್ರಿಟನ್, ಯುರೋಪು, ಅಮೆರಿಕ, ಜಪಾನುಗಳವು. ಮಾನ್ಯ ವಿಮೆಯಿಲ್ಲದ ಟ್ಯಾಂಕರನ್ನು ಬಂದರು ಒಳಗೆ ಬಿಡುವುದಿಲ್ಲ, ಏಕೆಂದರೆ ತೈಲ ಸೋರಿದರೆ ಪರಿಹಾರ ಕೊಡುವವರು ಯಾರು? 2022ರ ಡಿಸೆಂಬರ್ 5ರಿಂದ ಜಿ7 ದೇಶಗಳು ಬಳಸಿದ್ದು ಈ ಹಿಡಿಕೆಯನ್ನೇ. ರಷ್ಯಾದ ಕಚ್ಚಾತೈಲ ಬ್ಯಾರೆಲ್ಲಿಗೆ 60 ಡಾಲರಿಗಿಂತ ಹೆಚ್ಚಿಗೆ ಮಾರಾಟವಾದರೆ ನಮ್ಮ ವಿಮೆ, ನಮ್ಮ ಹಡಗು ಸಿಗದು ಎಂದರು. ಕೊಳ್ಳಬೇಡಿ ಎನ್ನಲಿಲ್ಲ, ಗಮನಿಸಿ. ಕೊಳ್ಳಿ, ತೈಲ ಪೇಟೆಗೆ ಬರಲಿ, ಆದರೆ ರಷ್ಯಾದ ಕೈಗೆ ಹಣ ಕಡಿಮೆ ಸೇರಲಿ. ಇದರಿಂದ ನಮಗೆ ಅಗ್ಗದ ತೈಲ ಸಿಕ್ಕಿತು ಎಂಬುದನ್ನೂ ಒಪ್ಪಬೇಕು: ಯುದ್ಧಕ್ಕೆ ಮೊದಲು ನಮ್ಮ ಆಮದಿನಲ್ಲಿ ಶೇ 2ರಷ್ಟೂ ಇರದ ರಷ್ಯಾ ತೈಲ ಮೂರನೇ ಒಂದು ಪಾಲು ದಾಟಿತು. ಮುಂದೆ ಅದೇ ತೈಲದ ನೆಪದಲ್ಲೇ 2025ರ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲೆ ಇನ್ನೂ ಶೇ 25 ಸುಂಕ ಬಿದ್ದು ಒಟ್ಟು ಶೇ 50 ಆಯಿತು. ಒಂದು ಕಾಲದಲ್ಲಿ ಕಣ್ಣು ಮಿಟುಕಿಸಿ ಬಿಟ್ಟದ್ದೇ ಇನ್ನೊಂದು ಕಾಲಕ್ಕೆ ಅಪರಾಧ. ದರ ಆಮೇಲೆ ಏರಿತೋ ಇಳಿಯಿತೋ ಎನ್ನುವುದಕ್ಕಿಂತ ಈ ಗುಣವನ್ನು ನೆನಪಿಡಿ.

ಈಗ ಪೊಟ್ಯಾಷ್. ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಗೊಬ್ಬರಕ್ಕೆ ಭಾರತ ಪೂರ್ತಿ ಆಮದನ್ನೇ ನಂಬಿದೆ. ಕೆನಡಾ, ರಷ್ಯಾ, ಬೆಲಾರುಸ್ ಜಗತ್ತಿನ ದೊಡ್ಡ ಮೂಲಗಳು. ಬೆಲಾರುಸಿನ ಆಡಳಿತದ ಮೇಲಿನ ಸಿಟ್ಟಿಗೆ ಅಮೆರಿಕ 2021ರ ಆಗಸ್ಟಿನಲ್ಲಿ ಅಲ್ಲಿಯ ಸರ್ಕಾರಿ ಪೊಟ್ಯಾಷ್ ಗಣಿ ಕಂಪನಿಯ ಮೇಲೆ, ಡಿಸೆಂಬರಿನಲ್ಲಿ ಅದರ ಮಾರಾಟ ಸಂಸ್ಥೆಯ ಮೇಲೆ ನಿರ್ಬಂಧ ಹೇರಿತು. ಬೆಲಾರುಸಿಗೆ ಸಮುದ್ರವಿಲ್ಲ, ಸರಕು ಹೋಗುತ್ತಿದ್ದುದು ಲಿಥುವೇನಿಯಾದ ಕ್ಲೈಪೆಡಾ ಬಂದರಿನಿಂದ. 2022ರ ಫೆಬ್ರುವರಿ 1ರಿಂದ ಲಿಥುವೇನಿಯಾ ತನ್ನ ರೈಲು ದಾರಿ ಮುಚ್ಚಿತು. ಅದೇ ತಿಂಗಳು ಉಕ್ರೇನ್ ಯುದ್ಧ. 2021ರಲ್ಲಿ ಟನ್ನಿಗೆ 280 ಡಾಲರ್ ಇದ್ದ ಭಾರತದ ಆಮದು ಒಪ್ಪಂದ 2022ಕ್ಕೆ 590 ಡಾಲರಿಗೆ ಏರಿತು. ಇಡೀ ಏರಿಕೆಗೆ ನಿರ್ಬಂಧ ಒಂದೇ ಕಾರಣವೆಂದರೆ ಸುಳ್ಳಾದೀತು; ಧಾನ್ಯದ ಬೆಲೆ, ಇಂಧನ, ಹಡಗಿನ ಬಾಡಿಗೆ ಎಲ್ಲ ಏರಿದ್ದವು. ಆದರೆ ಪೇಟೆ ಬಿಗಿಯಾಗಿದ್ದಾಗ ದೊಡ್ಡ ಮೂಲವೊಂದರ ದಾರಿ ಮುಚ್ಚಿದರೆ ಉಳಿದವರು ಹೇಳಿದ್ದೇ ದರ.

ನಮ್ಮ ಹೊಲದಲ್ಲಿ ಇದರ ಲೆಕ್ಕ ಇಷ್ಟು. ಕಬ್ಬಿಗೆ ಹೆಕ್ಟೇರಿಗೆ 190 ಕಿಲೋ ಪೊಟ್ಯಾಷ್ ಸತ್ವ ಬೇಕೆಂದರೆ, ಶೇ 60 ಸತ್ವದ ಎಂಒಪಿ ಎಕರೆಗೆ ಎರಡೂವರೆ ಚೀಲ. ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ 50 ಕಿಲೋ ಚೀಲ 2022ರಲ್ಲಿ 1,700 ಆಯಿತು. ಎಕರೆಗೆ ಸಾವಿರದ ಏಳುನೂರರ ಮೇಲೆ ಹೆಚ್ಚಿಗೆ. ಯೂರಿಯಾ ಮಾತ್ರ ಹಳೆಯ ದರಕ್ಕೇ ಸಿಗುತ್ತಿದ್ದುದರಿಂದ ರೈತರು ಪೊಟ್ಯಾಷ್ ಬಿಟ್ಟು ಯೂರಿಯಾ ಸುರಿದರು. ದೇಶದಲ್ಲಿ ಎಂಒಪಿ ಮಾರಾಟ 2022–23ರಲ್ಲಿ ಸುಮಾರು ಮೂರನೇ ಒಂದು ಪಾಲು ಕುಸಿಯಿತು. ಪೊಟ್ಯಾಷ್ ಕಡಿಮೆಯಾದರೆ ಗಣಿಕೆಗೆ ಗಟ್ಟಿತನ ಬರದು, ಬೆಳೆ ಬೀಳುತ್ತದೆ, ಎಲೆಯಲ್ಲಿ ಆದ ಸಕ್ಕರೆ ಗಣಿಕೆಗೆ ಇಳಿಯುವುದಿಲ್ಲ, ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ (ರಿಕವರಿ) ತಗ್ಗುತ್ತದೆ. ತಿಕೋಟಾ, ಬಬಲೇಶ್ವರದ ದ್ರಾಕ್ಷಿಯಲ್ಲೂ ಕಾಳು ತುಂಬುವ ಹೊತ್ತಿಗೆ ಬೇಕಾಗುವುದು ಇದೇ. ಬೆಲಾರುಸ್ ಎಂಬ ಹೆಸರನ್ನೇ ಕೇಳದ ರೈತನ ಕಬ್ಬಿನ ರಿಕವರಿಯಲ್ಲಿ ಆ ನಿರ್ಬಂಧದ ಒಂದು ಎಳೆ ಇದೆ.

ಲೈಸೆನ್ಸಿನ ಗೇಟು ಹತ್ತರಗಿಗೆ ಹತ್ತಿರದ್ದು. ಅಮೆರಿಕದ ರಫ್ತು ನಿಯಂತ್ರಣ ನಿಯಮದ ಪ್ರಕಾರ, ಬೇರೆ ದೇಶದಲ್ಲಿ ತಯಾರಾದ ವಸ್ತುವಿನಲ್ಲೂ ನಿಯಂತ್ರಿತ ಅಮೆರಿಕನ್ ಅಂಶ ಶೇ 25 ದಾಟಿದರೆ ಅದು ಅವರ ಕಾನೂನಿಗೆ ಒಳಪಡುತ್ತದೆ. ಇರಾನ್, ಕ್ಯೂಬಾದಂಥ ದೇಶಗಳಿಗೆ ಹೋಗುವುದಾದರೆ ಶೇ 10 ಸಾಕು. ವಸ್ತು ನಮ್ಮದು, ದುಡಿಮೆ ನಮ್ಮದು, ಯಾರಿಗೆ ಮಾರಬಹುದೆಂಬ ತೀರ್ಮಾನ ಅವರದು. ಹಳೆಯ ಉದಾಹರಣೆ ಕ್ರಯೋಜೆನಿಕ್ ಎಂಜಿನ್. 1991ರಲ್ಲಿ ಇಸ್ರೊ ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯೊಂದಿಗೆ ತಂತ್ರಜ್ಞಾನ ಸಹಿತ ಒಪ್ಪಂದ ಮಾಡಿಕೊಂಡಿತು. 1992ರ ಮೇನಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹಾಕಿತು. 1993ರಲ್ಲಿ ರಷ್ಯಾ ಮಣಿದು, ತಯಾರಾದ ಏಳು ಎಂಜಿನ್ ಕೊಡುತ್ತೇನೆ, ತಂತ್ರಜ್ಞಾನ ಕೊಡಲಾರೆ ಎಂದಿತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. ಎರಡು ದಶಕ ಹೋಯಿತು, ಆದರೆ ಆ ಗೇಟು ಈಗ ನಮಗಿಲ್ಲ. ತೇಜಸ್ ಯುದ್ಧವಿಮಾನದ ಎಫ್404 ಎಂಜಿನ್ನಿನ ಕತೆ ಬೇರೆ: 2021ರಲ್ಲಿ 99 ಎಂಜಿನ್ನಿಗೆ ಒಪ್ಪಂದ, ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚಿನಲ್ಲಿ. ಇದಕ್ಕೆ ತಯಾರಕರು ಕೊಟ್ಟ ಕಾರಣ ಬಿಡಿಭಾಗಗಳ ಪೂರೈಕೆ. ಅದರಲ್ಲಿ ಸಂಚು ಹುಡುಕುವ ಅಗತ್ಯವಿಲ್ಲ. ಅವಲಂಬನೆಯ ಹೊರೆ ಸಂಚಿಲ್ಲದೆಯೂ ಬೀಳುತ್ತದೆ.

ಸಕ್ಕರೆಯ ವಿಷಯಕ್ಕೆ ಬರೋಣ, ಇದು ನಮ್ಮ ಮನೆಯ ಮಾತು. ಸಕ್ಕರೆ ಕೋಟಾವನ್ನು ಅಮೆರಿಕ ವಿದೇಶಾಂಗ ನೀತಿಯ ಕೋಲಾಗಿ ಬಳಸಿದ್ದು ಇಂದು ನಿನ್ನೆಯಲ್ಲ. 1960ರ ಜುಲೈನಲ್ಲಿ ಐಸೆನ್‌ಹೋವರ್ ಕ್ಯೂಬಾದ ಆ ವರ್ಷದ ಕೋಟಾದಲ್ಲಿ 7 ಲಕ್ಷ ಟನ್ ಕಡಿದರು. ವರ್ಷದ ಕೊನೆಗೆ ಮುಂದಿನದನ್ನೂ ಸೊನ್ನೆ ಮಾಡಿದರು. ಕಡಿದ ಪಾಲನ್ನು ಬೇರೆ ದೇಶಗಳಿಗೆ ಹಂಚಿದ್ದರಿಂದ ಒಬ್ಬರಿಗೆ ಶಿಕ್ಷೆ, ಇನ್ನೊಬ್ಬರಿಗೆ ಉಡುಗೊರೆ, ಖಜಾನೆಯಿಂದ ಕಾಸೂ ಹೋಗಲಿಲ್ಲ. ಎಡವಟ್ಟೂ ಆಯಿತು: ಆ ಸಕ್ಕರೆಯನ್ನು ಸೋವಿಯತ್ ಒಕ್ಕೂಟ ಕೊಂಡಿತು, ಕ್ಯೂಬಾ ಪೂರ್ತಿ ಆ ಕಡೆ ವಾಲಿತು. ಇಂದಿಗೂ ಅಮೆರಿಕದ ಕಚ್ಚಾ ಸಕ್ಕರೆ ಕೋಟಾ ಹಂಚಿಕೆ ನಿಂತಿರುವುದು 1975–81ರ ವ್ಯಾಪಾರದ ಲೆಕ್ಕದ ಮೇಲೆ. ಡೊಮಿನಿಕನ್ ಗಣರಾಜ್ಯಕ್ಕೆ 1.85 ಲಕ್ಷ ಟನ್, ಬ್ರೆಜಿಲಿಗೆ 1.52 ಲಕ್ಷ, ಫಿಲಿಪೀನ್ಸಿಗೆ 1.42 ಲಕ್ಷ, ಜಗತ್ತಿನ ಅತಿ ದೊಡ್ಡ ಸಕ್ಕರೆ ಉತ್ಪಾದಕರಲ್ಲೊಬ್ಬರಾದ ನಮಗೆ ಎಂಟು ಸಾವಿರದ ಚಿಲ್ಲರೆ ಟನ್. ದಿನಕ್ಕೆ ಹತ್ತು ಸಾವಿರ ಟನ್ ಕಬ್ಬು ಅರೆಯುವ ಕಾರ್ಖಾನೆಗೆ ಶೇ 10ರ ರಿಕವರಿ ಹಿಡಿದರೆ ಅದು ಒಂಬತ್ತು ದಿನದ ಸಕ್ಕರೆಯೂ ಅಲ್ಲ. ಕೋಟಾ ದಾಟಿದರೆ ಕಿಲೋಗೆ 33.87 ಸೆಂಟ್ ಸುಂಕ. ಮುಕ್ತ ವ್ಯಾಪಾರದ ಪಾಠ ಹೇಳುವ ದೇಶದ ಸಕ್ಕರೆ ಡಬ್ಬಿಯ ಮುಚ್ಚಳ ಇಷ್ಟು ಬಿಗಿ.

ಇನ್ನೊಂದು ಕಡೆ, ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ನಮ್ಮ ಕಬ್ಬಿನ ಬೆಂಬಲದ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಗೆ ಹೋದವು. ಎಫ್‌ಆರ್‌ಪಿ ಎಂಬ, ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ದರವೇ ಸಬ್ಸಿಡಿಯ ಲೆಕ್ಕಕ್ಕೆ ಬರುತ್ತದೆ, ಅದು ಉತ್ಪಾದನೆಯ ಮೌಲ್ಯದ ಶೇ 10ರ ಮಿತಿ ದಾಟಿದೆ ಎಂದು 2021ರ ಡಿಸೆಂಬರ್ 14ರಂದು ತೀರ್ಪಾಯಿತು. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಕೂತ ರೈತರಿಗೆ, ತಾವು ಕೇಳುತ್ತಿರುವ ದರಕ್ಕೇ ಜಿನೀವಾದಲ್ಲಿ ಒಂದು ಕೇಸು ಬಾಕಿಯಿದೆ ಎಂದು ಹೇಳಿದವರುಂಟೇ? ಭಾರತ ಈ ತೀರ್ಪಿಗೆ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಪೀಠದಲ್ಲಿ ನ್ಯಾಯಾಧೀಶರೇ ಇಲ್ಲ: ಹೊಸ ನೇಮಕಗಳಿಗೆ ಅಮೆರಿಕ ತಡೆಯೊಡ್ಡಿದ್ದರಿಂದ 2019ರ ಡಿಸೆಂಬರಿನಿಂದ ಪೀಠ ಕೆಲಸ ಮಾಡುತ್ತಿಲ್ಲ, 2020ರ ನವೆಂಬರ್ ಕೊನೆಯಿಂದ ಪೂರ್ತಿ ಖಾಲಿ. ಈ ಒಂದು ಕೇಸಿನಲ್ಲಿ ಖಾಲಿ ಪೀಠ ನಮ್ಮನ್ನು ಕಾಪಾಡಿದೆ ನಿಜ. ನಾಳೆ ನಾವು ದೂರುದಾರರಾದರೆ ಗೆದ್ದವರೂ ಹೀಗೆಯೇ ಗಾಳಿಯಲ್ಲಿ ತೂಗುತ್ತೇವೆ. ತಾನೇ ಕಟ್ಟಿದ ಪಂಚಾಯಿತಿ ಕಟ್ಟೆಯನ್ನು, ತೀರ್ಪು ತನಗೆ ಒಗ್ಗದಾದಾಗ, ಕೆಡವದೆ ಬರೀ ಪಂಚರನ್ನು ನೇಮಿಸದೆ ಬಿಡುವುದು ಕೂಡ ಯಜಮಾನಿಕೆಯ ಒಂದು ವಿಧಾನ. ಐಎಂಎಫ್‌ನಲ್ಲೂ ಹೀಗೆಯೇ: ಮುಖ್ಯ ತೀರ್ಮಾನಕ್ಕೆ ಶೇ 85 ಮತ ಬೇಕು, ಅಮೆರಿಕದ್ದು ಶೇ 16.5ರ ಆಸುಪಾಸು. ಉಳಿದವರೆಲ್ಲ ಒಂದಾದರೂ ದಾಟಲಾಗದು. ನಮ್ಮದು ಶೇ 2.6.

ಫೌಂಡ್ರಿಗಳ ಬಗ್ಗೆ ಒಂದು ಸೂಕ್ಷ್ಮ ಹೇಳಲೇಬೇಕು. ಉಕ್ಕು–ಅಲ್ಯೂಮಿನಿಯಮ್ ಮೇಲಿನ ಅಮೆರಿಕದ ಸುಂಕ 1962ರ ಕಾನೂನಿನ 232ನೇ ವಿಧಿಯಲ್ಲಿ, ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಬರುತ್ತದೆ. 2025ರ ಜೂನ್ 4ರಂದು ಅದನ್ನು ಶೇ 50ಕ್ಕೆ ಏರಿಸಿದರು. ಪಟ್ಟಿಗೆ ಹೊಸ ಸರಕು ಸೇರಿಸಿ ಎಂದು ಅಲ್ಲಿಯ ತಯಾರಕರು ವರ್ಷಕ್ಕೆ ಮೂರು ಸಲ ಅರ್ಜಿ ಹಾಕುವ ವ್ಯವಸ್ಥೆ ಮಾಡಿದರು. 2025ರ ಆಗಸ್ಟ್ 18ರಂದು ಒಂದೇ ಏಟಿಗೆ 407 ಸರಕುಗಳ ಸುಂಕ ಕೋಡುಗಳು ಸೇರಿದವು. ಹಡಗು ಹತ್ತಿದಾಗ ಪಟ್ಟಿಯಲ್ಲಿರದ ಸರಕು ಇಳಿಯುವಾಗ ಪಟ್ಟಿಯಲ್ಲಿದ್ದರೆ ಗಿರಾಕಿ ರಿಯಾಯಿತಿ ಕೇಳುವುದು ಇಲ್ಲಿಯವನನ್ನೇ. ಸುಂಕ ಬೀಳುವುದು ಉಕ್ಕಿನ ಅಂಶದ ಬೆಲೆಯ ಮೇಲೆ ಎಂದಿದ್ದಾಗಲೂ, ಉಕ್ಕೆಷ್ಟು, ಯಂತ್ರಗೆಲಸವೆಷ್ಟು, ಲೋಹ ಕರಗಿಸಿ ಸುರಿದದ್ದು ಯಾವ ದೇಶದಲ್ಲಿ ಎಂಬ ಕಾಗದ ಬಿಡಿಯಾಗಿ ತೋರಿಸದಿದ್ದರೆ ಪೂರ್ತಿ ಬೆಲೆಗೇ ಸುಂಕ ಬೀಳುವ ಅಪಾಯ. ಬಿಲ್ಲಿನಲ್ಲಿ ಒಂದೇ ಸಾಲು ಬರೆದು ಕಳಿಸುವ ರೂಢಿ ಇಲ್ಲಿ ದುಬಾರಿಯಾಗುತ್ತದೆ.

ಇಷ್ಟು ಗೇಟುಗಳಲ್ಲಿ ಪೂರ್ತಿ ಮುಚ್ಚಿದ್ದು ಅಪರೂಪ. ಬಲ ಇರುವುದು ವಿನಾಯಿತಿಯಲ್ಲಿ. 1954ರ ಪಿಎಲ್‌–480 ಎಂಬ ಅಮೆರಿಕದ ಆಹಾರ ನೆರವಿನ ಕಾನೂನಿನಡಿ ಬರುತ್ತಿದ್ದ ಗೋಧಿಯನ್ನು 1965ರಿಂದ ಅಧ್ಯಕ್ಷ ಜಾನ್ಸನ್ ತಿಂಗಳ ಲೆಕ್ಕದಲ್ಲಿ ಅಳೆದು ಬಿಡುತ್ತಿದ್ದರು. ನಮ್ಮ ಕೃಷಿ ನೀತಿ ಬದಲಾಗಲಿ, ವಿಯೆಟ್ನಾಂ ಬಗ್ಗೆ ನಮ್ಮ ಬಾಯಿ ಮೆತ್ತಗಾಗಲಿ ಎಂದು. 1966ರ ಜೂನ್ 6ರಂದು ರೂಪಾಯಿಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಿದೆವು, ಬದಲಿಗೆ ಬರಬೇಕಿದ್ದ ನೆರವು ಪೂರ್ತಿ ಬರಲಿಲ್ಲ. (ಆ ಗೋಧಿಯ ಜೊತೆ ಬಂತೆಂದು ಜನ ಹೇಳುವ ಕಾಂಗ್ರೆಸ್ ಕಸ ಮಾತ್ರ ನಮ್ಮ ಬದುಗಳಲ್ಲಿ ಉಳಿದುಕೊಂಡಿದೆ.) ಎಸ್‌–400 ಕ್ಷಿಪಣಿಗೆ 2018ರಲ್ಲಿ ರಷ್ಯಾದೊಂದಿಗೆ ಸಹಿ ಹಾಕಿದೆವು, ಅದೇ ಖರೀದಿಗೆ 2020ರಲ್ಲಿ ಟರ್ಕಿಗೆ ಶಿಕ್ಷೆಯಾಯಿತು, ನಮಗೆ ಶಿಕ್ಷೆಯೂ ಇಲ್ಲ, ಲಿಖಿತ ಮಾಫಿಯೂ ಇಲ್ಲ. ಇರಾನಿನ ಚಾಬಹಾರ್ ಬಂದರಿನಲ್ಲಿ ನಮ್ಮ ಕೆಲಸಕ್ಕೆ 2018ರಲ್ಲಿ ವಿನಾಯಿತಿ ಸಿಕ್ಕಿತು, ಅದನ್ನು ನಂಬಿ 2024ರ ಮೇನಲ್ಲಿ ಹತ್ತು ವರ್ಷದ ಒಪ್ಪಂದ ಮಾಡಿಕೊಂಡೆವು, 2025ರ ಸೆಪ್ಟೆಂಬರ್ 29ಕ್ಕೆ ವಿನಾಯಿತಿ ರದ್ದು, ಮತ್ತೆ ಆರು ತಿಂಗಳ ಗಡುವು. ಹತ್ತು ವರ್ಷದ ಬಂಡವಾಳವನ್ನು ಆರಾರು ತಿಂಗಳ ಪಾಳಿಯಲ್ಲಿ ಯಾರು ಹೂಡುತ್ತಾರೆ? ವಾರಬಂದಿ ಎಂದು ಮೊದಲೇ ಹೇಳಿದ್ದು ಇದನ್ನೇ.

ಎದುರಾಳಿಗಳು ಒಂದಾಗದಂತೆ ನೋಡಿಕೊಳ್ಳುವುದು ಇನ್ನೊಂದು ಹಳೆಯ ವಿದ್ಯೆ, ಅದರ ಪಾಠ ನಮ್ಮ ನೆಲದಲ್ಲೇ ಇದೆ. ಅಳಿಯ ರಾಮರಾಯ ದಖ್ಖಣದ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ, ವಿಜಾಪುರದ ಆದಿಲಶಾಹಿಯನ್ನು ಕರೆದುಕೊಂಡು ಅಹಮದ್‌ನಗರದ ಮೇಲೆ ಹೋಗಿ, ವರ್ಷಗಟ್ಟಲೆ ಮೇಲುಗೈ ಉಳಿಸಿಕೊಂಡ. ಸೋತವರನ್ನು ಹದ ಮೀರಿ ಹಿಂಡಿದ್ದೇ ತಪ್ಪಾಯಿತು. ಅಲಿ ಆದಿಲಶಾಹ ಅಹಮದ್‌ನಗರದ ಚಾಂದಬೀಬಿಯನ್ನು ಮದುವೆಯಾದ, ಜಗಳದ ಮೂಲವಾಗಿದ್ದ ಸೊಲ್ಲಾಪುರ ಕೋಟೆ ಬಳುವಳಿಯಾಗಿ ಬಂತು, 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿ ಕದನದಲ್ಲಿ ಒಂದಾದ ಸುಲ್ತಾನರು ರಾಮರಾಯನನ್ನು ಮುಗಿಸಿದರು. 1971ರ ಜುಲೈನಲ್ಲಿ ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗಿಗೆ ಹೋಗಿ ಚೀನಾವನ್ನು ಸೋವಿಯತ್ತಿನಿಂದ ದೂರ ಎಳೆದದ್ದು ರಾಮರಾಯನ ಮೊದಲ ಅಧ್ಯಾಯ. 2022ರಲ್ಲಿ ರಷ್ಯಾ ಕೇಂದ್ರ ಬ್ಯಾಂಕಿನ ಸುಮಾರು 30,000 ಕೋಟಿ ಡಾಲರ್ ತಡೆಹಿಡಿದ ಮೇಲೆ ರಷ್ಯಾ ಚೀನಾದ ಮಡಿಲಿಗೆ ಹೋಗಿ ಬಿದ್ದದ್ದು ಎರಡನೆಯದರ ಆರಂಭವೇ ಎಂದು ಕೇಳುವವರು ವಾಷಿಂಗ್ಟನ್ನಿನಲ್ಲೂ ಇದ್ದಾರೆ.

ಗೇಟನ್ನು ಪದೇ ಪದೇ ತಿರುವಿದರೆ ಕೆಳಗಿನವರು ಬಾವಿ ತೋಡುತ್ತಾರೆ. ಜಗತ್ತಿನ ಮೀಸಲು ನಿಧಿಯಲ್ಲಿ ಡಾಲರಿನ ಪಾಲು 1999ರಲ್ಲಿ ಶೇ 71 ಇದ್ದದ್ದು 2024ರ ಕೊನೆಗೆ ಶೇ 58ರ ಹತ್ತಿರ ಬಂತು. ಚೀನಾ ತನ್ನದೇ ಗೇಟು ಕಟ್ಟಿತು: 2025ರ ಏಪ್ರಿಲ್‌ನಲ್ಲಿ ಏಳು ವಿರಳ ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಮೇ ತಿಂಗಳಲ್ಲಿ ಅಮೆರಿಕ ಚೀನಾದ ಪ್ರಯಾಣಿಕ ವಿಮಾನದ ಎಂಜಿನ್ ನಿಲ್ಲಿಸಿತು, ಜುಲೈಗೆ ಬಿಟ್ಟುಕೊಟ್ಟಿತು. ಗೇಟಿಗೆ ಗೇಟು. ನಮ್ಮ ಕಾರು–ಸ್ಕೂಟರ್ ಕಂಪನಿಗಳು ಆಯಸ್ಕಾಂತಕ್ಕಾಗಿ ಪರದಾಡಿದ್ದು ಇದರ ನಡುವೆ. ಹಾಗಾಗಿ ಇದು ಅಮೆರಿಕದ ಮೇಲಿನ ದ್ವೇಷದ ಪತ್ರವಲ್ಲ. ಚಾವಿ ಬೀಜಿಂಗಿನ ಕೈಗೆ ಹೋದರೆ ಕೊನೆಯ ರೈತನಿಗೆ ಸುಖವೇನಿಲ್ಲ. 2008ರಲ್ಲಿ ಪರಮಾಣು ಇಂಧನದ ಬಾಗಿಲು ನಮಗೆ ತೆರೆದದ್ದೂ ಅಮೆರಿಕವೇ.

ನಿಮ್ಮಿಂದ ಬೇಕಾದ್ದು ಹೇಳಿಕೆಯಲ್ಲ, ಪ್ರಶ್ನೆ. ಲೋಕಸಭೆಯಲ್ಲಿ ಪ್ರಶ್ನೆಗೆ 15 ಪೂರ್ಣ ದಿನಗಳ ಮುನ್ಸೂಚನೆ ಬೇಕು. ಒಂದು ದಿನದ ಪಟ್ಟಿಗೆ ಚುಕ್ಕೆ ಗುರುತಿನವು (ಸದನದಲ್ಲಿ ಬಾಯಿಮಾತಿನ ಉತ್ತರ) 20, ಚುಕ್ಕೆ ರಹಿತ (ಲಿಖಿತ ಉತ್ತರ) 230. ಲಾಟರಿಯಲ್ಲಿ ಪಟ್ಟಿಗೆ ಬಂದ ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಸರದಿ ಸಿಗದಿದ್ದರೂ ಲಿಖಿತ ಉತ್ತರ ಕಡತಕ್ಕೆ ಬರುತ್ತದೆ, ನಮಗೆ ಅದೇ ಸಾಕು. ನಾಲ್ವರೂ ಒಂದೇ ಪ್ರಶ್ನೆ ಕಳಿಸಬೇಡಿ, ಹಂಚಿಕೊಳ್ಳಿ. ಚಿಕ್ಕೋಡಿಯ ಸದಸ್ಯರು ವಾಣಿಜ್ಯ ಸಚಿವರನ್ನು ಕೇಳಲಿ: ಮೇಲ್ಮನವಿ ಪೀಠ ಖಾಲಿಯಿರುವವರೆಗೆ ಹಲವು ದೇಶಗಳು 2020ರಲ್ಲಿ ಮಾಡಿಕೊಂಡ ಮಧ್ಯಂತರ ಮೇಲ್ಮನವಿ ಏರ್ಪಾಡಿಗೆ ಭಾರತ ಸೇರುವುದೇ, ಸೇರಿದರೆ ಸಕ್ಕರೆ ಕೇಸಿನ ಮೇಲೆ ಆಗುವ ಪರಿಣಾಮವೇನು? ನಮ್ಮ ಮಟ್ಟಿಗೆ ಆತುರಪಟ್ಟು ಸೇರುವುದು ಬೇಡ, ಆದರೆ ಲೆಕ್ಕ ಹಾಕಿದ್ದಾರೆಯೇ ಎಂಬುದು ಗೊತ್ತಾಗಲಿ. ವಿಜಯಪುರದವರು ವಿದೇಶಾಂಗ ಸಚಿವರನ್ನು ಚಾಬಹಾರಿನ ಬಗ್ಗೆ, ಗಡುವು ಮುಗಿದ ಮೇಲೆ ಹೂಡಿದ ಬಂಡವಾಳದ ಗತಿಯ ಬಗ್ಗೆ ಕೇಳಲಿ. ಬೆಳಗಾವಿಯವರು ಒಂದು ಸಣ್ಣ ಕೆಲಸ ಮಾಡಿಸಿದರೂ ದೊಡ್ಡದು: 232ನೇ ವಿಧಿಯ ಅರ್ಜಿ ಕಿಟಕಿ ತೆರೆದ ದಿನವೇ ಯಾವ ಕೋಡು ಸೇರಿಸಲು ಕೇಳಿದ್ದಾರೆಂದು ಕನ್ನಡದಲ್ಲೂ ಮರಾಠಿಯಲ್ಲೂ ಉದ್ಯಮಬಾಗ, ಮಚ್ಛೆಯ ಘಟಕಗಳಿಗೆ ತಿಳಿಸುವ, ಬಿಲ್ಲನ್ನು ಬಿಡಿಸಿ ಬರೆಯಲು ಕಲಿಸುವ ಒಬ್ಬ ಅಧಿಕಾರಿ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇರಲಿ.

ಬಾಗಲಕೋಟೆಯವರಿಗೆ ಉಳಿದದ್ದು ಪೊಟ್ಯಾಷ್, ಮತ್ತು ಇದರಲ್ಲಿ ಬಾವಿ ನಮ್ಮ ಅಂಗಳದಲ್ಲೇ ಇದೆ. ಡಿಸ್ಟಿಲರಿಯ ಸ್ಪೆಂಟ್ ವಾಶನ್ನು (ಮದ್ಯಸಾರ ತೆಗೆದ ಮೇಲೆ ಉಳಿಯುವ ತ್ಯಾಜ್ಯ ದ್ರವ) ಬಾಯ್ಲರಿನಲ್ಲಿ ಸುಟ್ಟಾಗ ಉಳಿಯುವ ಬೂದಿಯಿಂದ ಶೇ 14.5 ಪೊಟ್ಯಾಷ್ ಸತ್ವವಿರುವ ಗೊಬ್ಬರವಾಗುತ್ತದೆ. ನಾಲ್ಕು ಚೀಲಕ್ಕೆ ಎಂಒಪಿಯ ಒಂದು ಚೀಲ ಸಮ. ಸಾಗಣೆ ಖರ್ಚು ಹೆಚ್ಚಾದ್ದರಿಂದ ದೂರಕ್ಕೆ ಒಯ್ದರೆ ಗಿಟ್ಟದು. ಕಬ್ಬು ತಂದ ಟ್ರ್ಯಾಕ್ಟರಿನಲ್ಲೇ ಹಿಂದಿರುಗಿದರೆ ಗಿಟ್ಟುತ್ತದೆ. 2024ರ ಜನವರಿಯಲ್ಲಿ ಕೇಂದ್ರ ಇದಕ್ಕೆ ಟನ್ನಿಗೆ 4,263 ರೂಪಾಯಿ ಮಾರಾಟ ದರ ಗೊತ್ತುಮಾಡಿತು, ಆಗಿನ ಸಬ್ಸಿಡಿ ಟನ್ನಿಗೆ ಬರೀ 345 ರೂಪಾಯಿ ಇತ್ತು. ನೀವು ಸಹಿ ಹಾಕಿ ಕಳಿಸಲು ಪ್ರಶ್ನೆಯ ಕರಡನ್ನು ಇಲ್ಲೇ ಕೊಡುತ್ತಿದ್ದೇವೆ:

“ರಸಗೊಬ್ಬರ ಸಚಿವರು ದಯಮಾಡಿ ತಿಳಿಸುವರೇ: (ಅ) ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಡಿಸ್ಟಿಲರಿಗಳಲ್ಲಿ ಕಳೆದ ಮೂರು ವರ್ಷಗಳಲ್ಲಿ ಉತ್ಪತ್ತಿಯಾದ ಪೊಟ್ಯಾಷ್ ಬೂದಿ ಎಷ್ಟು ಟನ್, ಅದರಲ್ಲಿ ಗೊಬ್ಬರವಾಗಿ ಮಾರಾಟವಾದದ್ದು ಎಷ್ಟು; (ಆ) ಆಮದು ಪೊಟ್ಯಾಷಿಗೆ ಮತ್ತು ಈ ಬೂದಿಗೆ ಒಂದು ಕಿಲೋ ಸತ್ವದ ಲೆಕ್ಕದಲ್ಲಿ ಕೊಡುತ್ತಿರುವ ಸಬ್ಸಿಡಿ ತಲಾ ಎಷ್ಟು; (ಇ) ವಿದೇಶಿ ನಿರ್ಬಂಧಗಳಿಂದ ಆಮದು ನಿಂತರೆ ಹಂಗಾಮಿಗೆ ಸಾಲುವಷ್ಟು ಎಂಒಪಿ ದಾಸ್ತಾನನ್ನು ಕರ್ನಾಟಕದಲ್ಲಿ ಎಲ್ಲಿ, ಎಷ್ಟು ದಿನಕ್ಕೆ ಇಡಲಾಗಿದೆ?”

ಇಂತಿ,
ನಿಮ್ಮ ನಾಲ್ಕು ಕ್ಷೇತ್ರಗಳ ಕೆಲವು ಮತದಾರರು
ವಿಜಯಪುರ